ರಿಪೇರಿ ಹಾಳೆಗೆ ಬಿದ್ದ ಹಸಿರು ಚುಕ್ಕೆ

ನಮ್ಮ ಚಿಕ್ಕಮ್ಮಂದು ಮೋಟಾರ್ ರಿಪೇರಿ ಅಂಗಡಿ. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಮತ್ತೆ ತಿರುಗಿಸ್ತಾಳೆ. ಈಗ ಕಟ್ಟಡದ ಮಾಲೀಕ ಅಂಗಡಿ ಖಾಲಿ ಮಾಡು ಅಂತ ದಿನಾ ಬಂದು ಪ್ರಾಣ ತಿಂತಿದಾನೆ. ಬೇರೆ ಜಾಗ ಸಿಗಲಿಲ್ಲ ಅಂದ್ರೆ ಕೆಲಸವೇ ನಿಲ್ಲುತ್ತೆ.

ನಾನು ಟ್ರೈನಿಂಗಿಗೆ ಹೋಗೋ ಯೋಜನಾ ಆಫೀಸಲ್ಲಿ ಅವತ್ತು ಮೀಟಿಂಗ್. ಹೊಗೆ, ಕಸ ಕಮ್ಮಿ ಮಾಡಿ ಜನಕ್ಕೆ ಕೆಲಸ ಕೊಡೋ ಮೂರು ಉದ್ಯಮ ಆರಿಸ್ಬೇಕು. ಆರಿಸಿದವಕ್ಕೆ ಕೆಲಸ ನಡೆಸೋಕೆ ಸರ್ಕಾರದ ಶೆಡ್ಡು. ಗೋಡೆ ತುಂಬಾ ಹಾಳೆ: ಸೋಲಾರ್, ಬಿದಿರು, ಕರೆಂಟ್ ಬಸ್ಸು... ಮೂಲೇಲಿ 'ರಿಪೇರಿ'. ಅದು ಗೋಗರೆದು ನಾನು ಹಾಕಿಸಿದ್ದು. ಟ್ರೈನಿ ನನ್ನೊಬ್ಬಳನ್ನ ಬಿಟ್ಟು ಎಲ್ಲರ ಕೈಗೂ ಹಸಿರು ಚುಕ್ಕೆ ಸ್ಟಿಕ್ಕರ್, ಇಷ್ಟ ಬಂದ ಹಾಳೆಗೆ ಅಂಟಿಸೋದು.

ಆಫೀಸಿನ ದೊಡ್ಡ ಸಾಹೇಬ್ರು ಮೊದಲು ಅಂಟಿಸಿದ್ರು. ಹಿಂದೇನೇ ಇರುವೆ ಸಾಲಿನ ಹಾಗೆ ಉಳಿದವರೆಲ್ಲ. ರಿಪೇರಿಗೆ ಒಂದೂ ಬೀಳಲಿಲ್ಲ.

ಸಾಹೇಬ್ರು ಫೋನ್ ಬಂತೂಂತ ಆಚೆ ಹೋದ್ರು. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂದು ಫ್ಯಾನು ತಿರುಗ್ತು. ಪರಿಸರಕ್ಕೆ ಒಳ್ಳೇದೂಂತ ತರಿಸಿದ ಸ್ಟಿಕ್ಕರು, ಅಂಟು ಬರೀ ಗಂಜಿದು. ಅಷ್ಟೂ ಉದುರಿ ಟೀ ಲೋಟಕ್ಕೆ, ಅಕೌಂಟೆಂಟ್ ಸಾರ್ ಬೋಳುತಲೆಗೆ.

"ಈಗ ನೀವೇ ಆದ್ಯತಾ ಉದ್ಯಮ," ಅಂದ್ರು ಇಂಜಿನಿಯರ್ ಮೇಡಂ.

"ತಮಾಷೆ ಬಿಡಿ. ಸಾಹೇಬ್ರು ಎಲ್ಲಿ ಅಂಟಿಸಿದ್ರು?" ಅಂದ್ರು ಅಕೌಂಟೆಂಟ್ ಸಾರ್.

"ನಾನು ನಿಮ್ಮ ಬೆನ್ನು ನೋಡ್ಕೊಂಡು ಅಂಟಿಸಿದ್ದು."

"ನಾನು ಇವ್ರ ಬೆನ್ನು," ಅಂದ್ರು ಪಕ್ಕದವರು.

ನಾನು ಬಾಯಿಗೆ ಕರ್ಚೀಫ್ ತುರುಕಿಕೊಂಡು ನಕ್ಕೆ. ಯಾರೂ ಹಾಳೆ ಮೇಲಿನ ಹೆಸರೇ ಓದಿಲ್ಲ. ಈಗ ಓದಲೇಬೇಕು, ಕಾಪಿ ಹೊಡೆಯೋಕೆ ಬೆನ್ನಿಲ್ಲ.

"ರಿಪೇರಿ ಎಂಥ ಉದ್ಯಮಮ್ಮಾ?" ಮೇಡಂ ನನ್ನ ಕೇಳಿದ್ರು.

"ಮೊದಲೇ ಹೇಳ್ತೀನಿ ಮೇಡಂ, ನಮ್ಮ ಚಿಕ್ಕಮ್ಮಂದು ಅದೇ ಕಸುಬು. ಆದ್ರೂ ನೋಡಿ, ಹಳೇದು ತಿರುಗಿದ್ರೆ ಹೊಸದು ಮಾಡೋದು ಬೇಡ, ಅಷ್ಟು ಕಬ್ಬಿಣ ಕರಗಿಸೋದು ಬೇಡ, ಬೀದಿಗೊಂದು ಅಂಗಡಿ, ಅಂಗಡೀಲಿ ಇಬ್ರಿಗೆ ಕೆಲಸ..."

"ಉಸಿರು ತಗೋ ತಾಯಿ."

ಅಕೌಂಟೆಂಟ್ ಸಾರ್ ಫ್ಯಾನ್ ಆರಿಸಿ, ತಲೆ ಮೇಲಿಂದ ಚುಕ್ಕೆ ಕಿತ್ತು ರಿಪೇರಿಗೆ ಒತ್ತಿದ್ರು. "ನಮ್ಮನೆ ಮಿಕ್ಸಿ ಸುಟ್ಟಿದೆ. ಹೊಸದು ತನ್ನಿ ಅಂತಾಳೆ ಹೆಂಡ್ತಿ." ಮೇಡಮ್ದೂ ಬಿತ್ತು. ಆಮೇಲೆ ಇನ್ನೂ ಕೆಲವು.

ಸಾಹೇಬ್ರು ವಾಪಸ್ ಬಂದು ಗೋಡೆ ನೋಡಿದ್ರು. "ನಂದೆಲ್ಲಿ?"

"ಉದುರಿದೆ ಸಾರ್. ಇನ್ನೊಂದ್ಸಲ ಅಂಟಿಸಿ."

ಅವ್ರು ನಮ್ಮೆಲ್ಲರ ಮುಖ ನೋಡಿದ್ರು. ಚುಕ್ಕೆ ಜಾಸ್ತಿ ಇದ್ದ ಹಾಳೆ ಹುಡುಕಿ ಅಂಟಿಸಿದ್ರು. ರಿಪೇರಿ ಮೂರರಲ್ಲೊಂದಾಯ್ತು.

ಮೆಟ್ಟಿಲ ಮೇಲೇ ಫೋನ್ ಮಾಡಿದೆ. "ಚಿಕ್ಕಮ್ಮಾ, ಶೆಡ್ಡು ಸಿಗುತ್ತೆ."

"ತಡಿ, ಮಾಲೀಕ ಇಲ್ಲೇ ನಿಂತಿದಾನೆ," ಅಂದ್ಲು. "ಸ್ಪೀಕರ್ ಹಾಕ್ತೀನಿ, ಇನ್ನೊಂದ್ಸಲ ನಿಧಾನವಾಗಿ ಹೇಳು."