ಬಿರುಕು ಬಿಟ್ಟ ಗೂಡು

ಕಂಟ್ರಾಕ್ಟರು ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ತಮ್ಮ ತಂದೆಯ ರಿವಾಲ್ವರನ್ನು ಅದರ ಮೇಲಿಟ್ಟರು. ನಳಿಗೆಯ ಬಾಯಿ ನೇರವಾಗಿ, ಅದನ್ನು ಪರೀಕ್ಷಿಸಲು ಬಂದಿದ್ದ ಮೇಡಂ ಹೊಟ್ಟೆಯ ಕಡೆಗಿತ್ತು. ಅವರು ಟವೆಲ್ಲಿನ ಅಂಚು ಹಿಡಿದು ಅದನ್ನು ಗೋಡೆಯತ್ತ ತಿರುಗಿಸಿದರು.

“ಖಾಲಿ ಇದೆ ಮೇಡಂ, ಹೆದರ್ಬೇಡಿ,” ಎಂದು ಕಂಟ್ರಾಕ್ಟರ ಭಾಮೈದ ನಕ್ಕ.

“ಹೆದರೋದಕ್ಕೇ ನನಗೆ ಸಂಬಳ ಕೊಡೋದು,” ಎಂದರು ಮೇಡಂ.

ಹರಾಜು ಸಂಸ್ಥೆಯೊಂದರಲ್ಲಿ ಹಳೆಯ ಆಯುಧಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ಅವರ ಕೆಲಸ. ಕಂಟ್ರಾಕ್ಟರ ತಂದೆ ಗಣಿಯೊಂದರಲ್ಲಿ ಸಂಬಳದ ಪೆಟ್ಟಿಗೆ ಕಾಯುತ್ತಿದ್ದಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ರಿವಾಲ್ವರ್ ಇದು. ಲೈಸೆನ್ಸೆಲ್ಲ ಸರಿಯಾಗಿತ್ತು. ಕೊಳ್ಳಲು ಸಂಗ್ರಹಕಾರನೊಬ್ಬನನ್ನು ಭಾಮೈದನೇ ಹುಡುಕಿದ್ದ. ವರದಿ ನೋಡದೆ ಮುಂದಿನ ಮಾತಿಲ್ಲ ಎಂದು ಆ ಸಂಗ್ರಹಕಾರ ಹೇಳಿದ್ದರಿಂದ ಮೇಡಂ ಬಂದಿದ್ದರು.

ಅವರು ಕೈಗವಸು ಹಾಕಿಕೊಂಡು, ರಿವಾಲ್ವರಿನ ಪಕ್ಕದ ಪುಟ್ಟ ಬಾಗಿಲು ತೆರೆದು, ತೋಟಾ ತುಂಬುವ ಸಿಲಿಂಡರನ್ನು ಗೂಡು ಗೂಡಾಗಿ ತಿರುಗಿಸಿ ನೋಡಿದರು. ಆರೂ ಗೂಡು ಖಾಲಿ. ಆಮೇಲೆಯೇ ಅವರು ಸರಿಯಾಗಿ ಉಸಿರು ಬಿಟ್ಟದ್ದು. ಭೂತಗನ್ನಡಿ ಹಿಡಿದು ನಂಬರುಗಳನ್ನು ಓದಿದರು. ನಳಿಗೆಯ ಮೇಲೂ ಸಿಲಿಂಡರಿನ ಮೇಲೂ ಚೌಕಟ್ಟಿನ ಮೇಲೂ ಇದ್ದದ್ದು ಒಂದೇ ನಂಬರು. ಸ್ಕ್ರೂಗಳ ತಲೆಯ ಮೇಲೆ ಒಂದು ಗೀರೂ ಇಲ್ಲ. ಚರ್ಮದ ಚೀಲಕ್ಕೆ ಉಜ್ಜಿ ನಳಿಗೆಯ ತುದಿ ಬೆಳ್ಳಗಾಗಿದ್ದರೂ ಸಂದುಗೊಂದುಗಳಲ್ಲಿ ಕಾರ್ಖಾನೆಯ ನೀಲಿಗಪ್ಪು ಹೊಳಪು ಹಾಗೇ ಉಳಿದಿತ್ತು.

“ಪಾಲಿಶ್ ಮಾಡಿಸಿಲ್ಲವಲ್ಲ, ಪುಣ್ಯ. ಎಷ್ಟೋ ಜನ ಥಳಥಳ ಅನ್ನೋ ಹಾಗೆ ಉಜ್ಜಿಸಿ ತಂದು ಅರ್ಧ ಬೆಲೆ ಕಳ್ಕೋತಾರೆ.”

“ನಮ್ಮಪ್ಪನೇ ಎಣ್ಣೆಬಟ್ಟೇಲಿ ಒರೆಸೋರು. ನನ್ನ ಕೈಗೆ ಒಂದಿನಾನೂ ಕೊಟ್ಟೋರಲ್ಲ,” ಎನ್ನುತ್ತ ಕಂಟ್ರಾಕ್ಟರು ಹಿಗ್ಗಿ ಹೀರೇಕಾಯಿಯಾದರು.

ಮೇಡಂ ಸಿಲಿಂಡರಿಗೆ ತೆಳು ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ ಒಂದು ಗೂಡಿನ ಹೊರಮೈ ಮೇಲೆ, ಬಿಳಿಯ ಪುಡಿಯಲ್ಲಿ, ಕೂದಲೆಳೆಯಷ್ಟು ಕಪ್ಪು ಗೆರೆ ತಾನಾಗಿ ಮೂಡಿತು. ಒಳಗೆ ಇಳಿದಿದ್ದ ಎಣ್ಣೆ ಹೊರಗೆ ಜಿನುಗುತ್ತಿತ್ತು. ಮೇಡಂ ಅಲ್ಲಿ ಕೆಂಪು ಪೆನ್ಸಿಲಿನಿಂದ ಚುಕ್ಕೆ ಇಟ್ಟರು.

“ಬಿರುಕು ಇದು. ಸಂಗ್ರಹಕ್ಕೆ ಇದು ಈಗಲೂ ಒಳ್ಳೇ ವಸ್ತುನೇ. ಆದ್ರೆ ಹಾರಿಸೋ ಹಾಗಿಲ್ಲ. ಈ ಗೂಡಲ್ಲಿ ತೋಟಾ ಸಿಡಿದ್ರೆ ಸಿಲಿಂಡರೇ ಒಡೆದು ಹಾರಬಹುದು. ಹಿಡಿದೋರ ಕೈ, ಕಣ್ಣು ಉಳಿಯೋದು ಕಷ್ಟ.”

“ಭಾವ, ಈ ಆಟ ನಂಗೊತ್ತು,” ಎಂದ ಭಾಮೈದ. “ಮೊದ್ಲು ಹೊಗಳಿ ಅಟ್ಟಕ್ಕೇರಿಸೋದು, ಆಮೇಲೆ ಒಡಕು ಅನ್ನೋದು. ರೇಟು ಇಳಿಸೋಕೆ!”

ಕಂಟ್ರಾಕ್ಟರ ಮುಖ ಕಪ್ಪಿಟ್ಟಿತು. “ನಮ್ಮಪ್ಪ ಒಡಕು ರಿವಾಲ್ವರ್ ಕಟ್ಕೊಂಡು ಅಷ್ಟು ಜನರ ಸಂಬಳ ಕಾದ್ರಾ ಹಾಗಾದ್ರೆ?”

“ಆಗ ಬಿರುಕು ಇತ್ತೋ ಇಲ್ವೋ, ನಾನು ಹೇಗೆ ಹೇಳ್ಲಿ? ಈಗ ಇದೆ.”

ಕಂಟ್ರಾಕ್ಟರು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ತೋಟಾಗಳ ಡಬ್ಬಿಯಿತ್ತು. ಮನೆಯಲ್ಲಿ ತೋಟಾ ಇದೆಯೇ ಎಂದು ತಾನು ಕೇಳಲೇ ಇಲ್ಲವಲ್ಲ ಎಂದು ಮೇಡಂಗೆ ಆಗ ಹೊಳೆಯಿತು. ಕಂಟ್ರಾಕ್ಟರು ಅಂಗಿಯ ತುದಿಯಿಂದ ಸೀಮೆಸುಣ್ಣದ ಪುಡಿಯನ್ನೆಲ್ಲ ಒರೆಸಿದರು. ಕೆಂಪು ಚುಕ್ಕೆಯೂ ಹೋಯಿತು. ಆರೂ ಗೂಡು ತುಂಬಿ, ಸಿಲಿಂಡರನ್ನು ಹೆಬ್ಬೆರಳಿನಿಂದ ಗಿರಗಿರನೆ ತಿರುಗಿಸಿದರು.

 ಈಗ ಬಿರುಕಿನ ಗೂಡು ಯಾವುದೆಂದು ಮೇಡಂಗೂ ತಿಳಿಯದು.

“ಸಾರ್, ಇಡಿ ಅದನ್ನ. ಬೇಕಾದ್ರೆ ಇನ್ನೊಬ್ಬರ ಹತ್ರ ತೋರಿಸಿ. ನನ್ನ ವರದಿನೇ ಬೇಡ.”

“ಬನ್ನಿ ಹಿತ್ತಲಿಗೆ. ಕಣ್ಣಾರೆ ನೋಡಿ ಬರೀರಿ.”

ಮೇಡಂ ಚೀಲ ಪಡಸಾಲೆಯಲ್ಲಿತ್ತು, ಮುಂಬಾಗಿಲು ತೆರೆದೇ ಇತ್ತು. ಹೊರಟುಬಿಡೋಣ ಎಂದು ಒಂದು ಹೆಜ್ಜೆ ಇಟ್ಟವರು ಭಾಮೈದನನ್ನು ಕಂಡು ನಿಂತರು. ವಿಡಿಯೋ ಮಾಡಲು ಫೋನು ಹಿಡಿದು ಅವನು ಭಾವನ ಮಗ್ಗುಲಿಗೇ ಅಂಟಿಕೊಂಡು ನಡೆಯುತ್ತಿದ್ದ. ಮೇಡಂ ಓಡಿಹೋಗಿ ಅವನ ರಟ್ಟೆ ಹಿಡಿದು ನೀರಿನ ತೊಟ್ಟಿಯ ಹಿಂದಕ್ಕೆ ಎಳೆದರು.

ಕಂಟ್ರಾಕ್ಟರು ಕಾಂಪೌಂಡಿನ ಮೂಲೆಯಲ್ಲಿದ್ದ ಮರಳು ಮೂಟೆಗಳಿಗೆ ಗುರಿಯಿಟ್ಟು ಟ್ರಿಗರ್ ಎಳೆದರು. ಹಿತ್ತಲೆಲ್ಲ ಅದುರಿತು. ಮೂಟೆಯಿಂದ ಮರಳು ಸುರಿಯತೊಡಗಿತು. ಮೇಡಂ ಕಣ್ಣು ಬಿಟ್ಟಾಗ ಕಂಟ್ರಾಕ್ಟರು ನಗುತ್ತಿದ್ದರು; ಎರಡೂ ಕೈ ನೆಟ್ಟಗಿದ್ದವು.

“ಎಲ್ಲಿ ನಿಮ್ಮ ಬಿರುಕು?”

“ಅದು ಬೇರೆ ಗೂಡಿರಬಹುದು. ಸಾಕು ಸಾರ್, ಕೈ ಮುಗೀತೀನಿ.”

ಎರಡನೆಯ ಗುಂಡು ಹಾರಿತು. ಈ ಸಲದ ಸದ್ದು ಒರಟಾಗಿತ್ತು, ಅಥವಾ ಮೇಡಂಗೆ ಹಾಗನ್ನಿಸಿತು. ಅವರು ತೊಟ್ಟಿಯ ಅಂಚನ್ನು ಹಿಡಿದುಕೊಂಡರು. ಭಾಮೈದನೂ ಫೋನು ಕೆಳಗಿಳಿಸಿದ್ದ. “ಭಾವ, ಆಯ್ತು ಬಿಡಿ. ಗೊತ್ತಾಯ್ತಲ್ಲ,” ಎಂದ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

“ಮುಚ್ಕೊಂಡು ನಿಂತ್ಕೋ,” ಎಂದು ಕಂಟ್ರಾಕ್ಟರು ರಿವಾಲ್ವರಿನ ಹಿಂಬದಿಯಲ್ಲಿ ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮತ್ತೆ ಹಿಂದಕ್ಕೆಳೆದರು. ಸಿಲಿಂಡರ್ ಒಂದು ಗೂಡು ಮುಂದಕ್ಕೆ ಸರಿಯಿತು.

ಅಡುಗೆಮನೆಯ ಬಾಗಿಲಿನಿಂದ ಅವರ ಹೆಂಡತಿ ಇಳಿದು ಬಂದರು. ಮುಂಗೈವರೆಗೂ ಸೋಪಿನ ನೊರೆ. ಎಲ್ಲ ಕೇಳಿಸಿಕೊಂಡಿದ್ದರು. ಬಂದವರೇ ಗಂಡನ ಭುಜಕ್ಕೆ ಭುಜ ತಾಗಿಸಿ ನಿಂತು, ರಿವಾಲ್ವರ್ ಹಿಡಿದ ಅವರ ಕೈಯ ಮೇಲೆ ತಮ್ಮ ಒದ್ದೆ ಕೈ ಇಟ್ಟರು.

“ಏನೇ ಇದು, ಒಳಗೆ ಹೋಗು!”

“ಯಾಕ್ರೀ ಹೋಗ್ಲಿ? ಏನೂ ಆಗಲ್ಲ ಅಂತೀರಲ್ಲ. ನಾನೂ ಹಿಡ್ಕೋತೀನಿ, ಹೊಡೀರಿ. ಹೋದ್ರೆ ಇಬ್ಬರ ಕೈನೂ ಹೋಗ್ಲಿ. ಪಾತ್ರೆ ತೊಳೆಯೋಕೆ ನಿಮ್ಮ ಭಾಮೈದ ಬರ್ತಾನೆ.”

ಕಂಟ್ರಾಕ್ಟರು ಹೆಂಡತಿಯ ಮುಖ ನೋಡಿದರು, ಕೈ ನೋಡಿದರು. ಬೆರಳು ಟ್ರಿಗರಿನ ಮೇಲೇ ಇತ್ತು. ಆಕೆ ಕದಲಲಿಲ್ಲ. ಆದರೆ ತುಟಿ ಬೆಳ್ಳಗಾಗಿ ಅದುರುತ್ತಿದ್ದದ್ದು ಮೇಡಂಗೆ ಅಲ್ಲಿಂದಲೇ ಕಾಣಿಸಿತು. ಕೊನೆಗೆ ಕಂಟ್ರಾಕ್ಟರ ತೋಳು ಸೋತು ನೆಲದ ಕಡೆಗೆ ಇಳಿಯಿತು.

“ಮೇಡಂ... ಇದನ್ನ ಇಳಿಸೋದು ಹೇಗೆ?”

ಸುತ್ತಿಗೆ ಇನ್ನೂ ಎತ್ತಿದ್ದಂತೆಯೇ ಇತ್ತು. ಮೇಡಂ ಕಾಲೆಳೆದುಕೊಂಡು ಹೋಗಿ, ಗಂಡಹೆಂಡಿರನ್ನು ದೂರ ಕಳಿಸಿ, ರಿವಾಲ್ವರನ್ನು ಮರಳಿನತ್ತ ಹಿಡಿದರು. ಬೆವರಿಗೆ ಹೆಬ್ಬೆರಳು ಜಾರಿದರೆ ಮುಗಿಯಿತು. ತನ್ನ ಮಗಳ ಮುಖ ಕಣ್ಣ ಮುಂದೆ ಬಂತು. ಅದನ್ನು ಬಲವಂತವಾಗಿ ಆಚೆ ತಳ್ಳಿ, ಸುತ್ತಿಗೆಯನ್ನು ಕೂದಲು ಕೂದಲಷ್ಟೇ ಇಳಿಸಿದರು. ಹಾರದೆ ಉಳಿದಿದ್ದ ನಾಲ್ಕು ತೋಟಾಗಳನ್ನು ಒಂದೊಂದಾಗಿ ಹೊರತೆಗೆದರು. ಅಲ್ಲೇ ಕುಕ್ಕರುಬಡಿದರು.

ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ, ಬಿರುಕಿನ ಗೂಡಿನಲ್ಲಿ ಇದ್ದದ್ದು ಹಾರಿದ ತೋಟಾದ ಖಾಲಿ ಕೋಶ.

“ಅಂದ್ರೆ ಅದೂ ಹಾರಿತ್ತು! ಏನೂ ಆಗ್ಲಿಲ್ಲವಲ್ಲ!” ಎಂದ ಭಾಮೈದ.

ಮೇಡಂ ಕಂಟ್ರಾಕ್ಟರ ಬೆರಳು ಹಿಡಿದು ಅವರ ಉಗುರನ್ನು ಆ ಗೆರೆಯ ಮೇಲೆ ಎಳೆಸಿದರು. ಕೂದಲೆಳೆಯಂತಿದ್ದ ಗೆರೆಯಲ್ಲಿ ಈಗ ಉಗುರು ಸಿಕ್ಕಿಕೊಂಡು ನಿಂತಿತು. ಅದು ಗೂಡಿನ ಅಂಚಿನವರೆಗೂ ಸೀಳಿತ್ತು. ಕಂಟ್ರಾಕ್ಟರು ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. 

“ಇವತ್ತೇ ಇದು ಮನೆಯಿಂದ ಹೋಗ್ಬೇಕು,” ಎಂದರು ಹೆಂಡತಿ. ಗಂಡ ತಲೆಯಾಡಿಸಿದರು.

ರಿವಾಲ್ವರನ್ನು ಒಪ್ಪಿಸಿಡಲು ಲೈಸೆನ್ಸ್ ಇದ್ದ ಬಂದೂಕಿನ ಅಂಗಡಿಗೆ ಗಂಡಹೆಂಡತಿ ಇಬ್ಬರೂ ಮೇಡಂ ಕಾರಿನಲ್ಲಿ ಹೋದರು.  ಅಂಗಡಿಯವನು ಸಹಿ ಕೇಳಿದಾಗ ಕಂಟ್ರಾಕ್ಟರ ಬಲಗೈಯಲ್ಲಿ ಪೆನ್ನು ನಿಲ್ಲಲಿಲ್ಲ, ಹೆಬ್ಬೆಟ್ಟು ಒತ್ತಿದರು. “ಅಪ್ಪ ನನ್ನ ಕೈಗೆ ಕೊಡ್ತಿರ್ಲಿಲ್ಲ, ಸರಿನೇ ಇತ್ತು,” ಎಂದು ಒಣನಗೆ ನಕ್ಕರು.

ಮುಂದೆ ಬಿರುಕಿನ ವಿಷಯ ಮುಚ್ಚಿಡದೆ ಬರೆದ ವರದಿಯ ಮೇಲೆಯೇ ರಿವಾಲ್ವರ್ ಒಳ್ಳೆಯ ಬೆಲೆಗೆ ಹೋಯಿತು. ಮೇಡಂ ಮಾತ್ರ ಆಮೇಲೆ ಯಾರ ಮನೆಗೂ ಒಬ್ಬರೇ ಹೋಗಲಿಲ್ಲ. ವಿಳಾಸ ಕೇಳುವ ಮೊದಲೇ ಫೋನಿನಲ್ಲಿ, “ತೋಟಾ ಎಲ್ಲಿಟ್ಟಿದ್ದೀರಾ?” ಎಂದು ಕೇಳುತ್ತಾರೆ. ಕೇಳುವಾಗ ಇಂದಿಗೂ ಅವರ ದನಿ ಒಂದಿಷ್ಟು ಒಡೆಯುತ್ತದೆ.