ತ್ರಯೋದಶಿಯ ಕೈಗುಣ

೨೦೦೪ರ ಜುಲೈ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಗಿಂಡಿ ಬಡಾವಣೆಯ ಖಾಸಗಿ ಸಂಶೋಧನಾ ಕೇಂದ್ರವೊಂದರಲ್ಲಿ, ಪ್ರಯೋಗ ನೋಡಲು ದೆಹಲಿಯಿಂದ ಬಂದ ಸಮಿತಿಯ ಎದುರು, ಸೂಜಿ ಮುಟ್ಟಿದ ಇಪ್ಪತ್ತು ಜೀವಕೋಶಗಳಲ್ಲಿ ಒಂದೂ ಒಡೆಯಲಿಲ್ಲ. ಇಲಿಯ ಕೋಶಗಳನ್ನು ಬೆಳೆಸಿದ್ದ ಇಡೀ ತಟ್ಟೆಯಲ್ಲಿ ಕಣ್ಣೆದುರು ಒಡೆದು ಎರಡಾದದ್ದು ಒಂದೇ ಕೋಶ. ಅದು ಮೂಲೆಯಲ್ಲಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಸಮಿತಿಯ ಅಧ್ಯಕ್ಷ ಬದರಿನಾಥರು ಪರದೆಯ ಆ ಮೂಲೆಗೆ ಬೆರಳಿಟ್ಟು, ಇದಕ್ಕೆ ಸೂಜಿ ಬೇಕಾಗಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಲ್ಯಾಬಿನ ಮುಖ್ಯಸ್ಥ ಡಾ. ಸತ್ಯಾತ್ಮರು ನಕ್ಕರು. ಬದರಿನಾಥರು ನಗಲಿಲ್ಲ.

ಆ ಸೂಜಿ ಸಿಲಿಕಾನಿನದು, ತುದಿ ತಲೆಗೂದಲಿಗಿಂತ ಸಾವಿರ ಪಟ್ಟು ತೆಳು. ಕೋಶವನ್ನು ಒತ್ತಿದಾಗ ಸೂಜಿ ಹಿಡಿದಿರುವ ಪಟ್ಟಿ ಎಷ್ಟು ಬಾಗುತ್ತದೆ ಎಂಬುದರಿಂದ ಬಲವನ್ನು ಅಳೆಯಬಹುದು. ಒಡೆಯುವ ಮೊದಲು ಕೋಶ ಗುಂಡಗಾಗುತ್ತದೆ. ಬಳಿಕ ಅದರ ಸೊಂಟದ ಸುತ್ತ ಒಂದು ಉಂಗುರ, ಎಲೆಯಡಿಕೆ ಸಂಚಿಯ ದಾರ ಎಳೆದಂತೆ, ಬಿಗಿಯುತ್ತ ಹೋಗಿ ಒಂದನ್ನು ಎರಡು ಮಾಡುತ್ತದೆ. ಆ ದಾರ ಎಷ್ಟು ಬಲವಾಗಿ ಎಳೆಯುತ್ತದೆ ಎಂದು ಅಳೆಯುವುದು ಮೈಸೂರಿನಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ ವಿಭಾಳ ಕೆಲಸ. ಸಣ್ಣ ಕೆಲಸ, ಆದರೆ ನಿಜವಾದದ್ದು.

ಸತ್ಯಾತ್ಮರಿಗೆ ಸಣ್ಣದು ಹಿಡಿಸುತ್ತಿರಲಿಲ್ಲ. ಸೂಜಿ ಮುಟ್ಟಿದರೆ ಸಾಕು, ಸುಮ್ಮನಿದ್ದ ಕೋಶ ಒಡೆಯಲು ಶುರುಮಾಡುತ್ತದೆ ಎಂಬುದು ಅವರ ವಾದ. ಅದಕ್ಕೆ ‘ಸ್ಪರ್ಶ ಪರಿಣಾಮ’ ಎಂದು ಹೆಸರಿಟ್ಟಿದ್ದರು. ಆ ಹೆಸರಿನಲ್ಲಿ ಎರಡು ಭಾಷಣ ಮಾಡಿ, ಮೂರು ಶಾಲು ಹೊದ್ದಿದ್ದರು. ಪ್ರಬಂಧ ಸಿದ್ಧವಾಗಿತ್ತು. ಲೇಖಕರಲ್ಲಿ ವಿಭಾಳ ಹೆಸರು ಎರಡನೆಯದು, ಸಹಾಯಕ ಸಂಶೋಧಕ ತಿರುಮಲನದು ಮೂರನೆಯದು. ಸೂಜಿ ಮುಟ್ಟದ ಕೋಶಗಳು ಒಡೆಯುವುದಿಲ್ಲ ಎಂದು ತೋರಿಸುವ ಹೋಲಿಕೆಯ ಪ್ರಯೋಗಗಳೆಲ್ಲ ವಿಭಾಳವು. ಪ್ರಬಂಧ ಸುಳ್ಳಾದರೆ ಸುಳ್ಳಿಗೆ ಆಧಾರ ಒದಗಿಸಿದವಳು ಅವಳೇ ಆಗುತ್ತಿದ್ದಳು.

ಸಮಿತಿ ಊಟಕ್ಕೆ ಹೋದ ಮೇಲೆ ಸತ್ಯಾತ್ಮರು ಬಾಗಿಲು ಮುಚ್ಚಿದರು.

“ಏನಮ್ಮಾ ವಿಭಾ, ಡಿಶ್ ಯಾರು ರೆಡಿ ಮಾಡಿದ್ದು?”

“ನಾನೇ ಸಾರ್. ದಿನಾ ಮಾಡೋ ಹಾಗೇನೇ.”

“ಸಾರ್ ಸ್ವಂತವಾಗಿ ಮಾಡ್ವಾಗ ಒಂದು ಸಲಾನೂ ಫೇಲ್ ಆಗಿಲ್ಲ,” ಎಂದ ತಿರುಮಲ. “ಅದು ಕೈರಾಸಿ ಸಾರ್. ಎಲ್ಲಾರ್ಗೂ ಬರಲ್ಲ.”

ಕೈರಾಸಿ ಎಂದರೆ ತಮಿಳಿನಲ್ಲಿ ಕೈಗುಣ. ತಿರುಮಲನ ಹುದ್ದೆ ಇನ್ನೂ ಖಾಯಂ ಆಗಿರಲಿಲ್ಲ.

ಕೈಗುಣದ ಮಾತು ಸತ್ಯಾತ್ಮರಿಗೆ ಹಿಡಿಸಿತು. ಅವರು ದನಿ ತಗ್ಗಿಸಿದರು. “ತಪ್ಪು ತಿಳ್ಕೋಬೇಡಮ್ಮಾ. ಇವತ್ತು ನೀನು… ದೂರ ಇರೋ ದಿನ ಅಲ್ಲ ತಾನೇ?”

ವಿಭಾ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. “ಆಗಿದ್ರೂ ಕೋಶಕ್ಕೆ ಯಾರು ಹೋಗಿ ಹೇಳ್ತಾರೆ ಸಾರ್?”

“ಅಯ್ಯೋ, ಸುಮ್ಮಾ ಕೇಳ್ದೆ. ನಮ್ಮನೇಲಿ ಉಪ್ಪಿನಕಾಯಿ ಜಾಡೀನೇ ಕೆಟ್ಟೋಗತ್ತೆ.”

ಉಪ್ಪಿನಕಾಯಿಗೂ ಜೀವಕೋಶಕ್ಕೂ ಇರುವ ವ್ಯತ್ಯಾಸವನ್ನು ಅಳೆಯುವ ಯಂತ್ರ ಆ ಕೇಂದ್ರದಲ್ಲಿ ಇರಲಿಲ್ಲ.

“ನಾನಾಗ್ಲೇ ಹೇಳ್ದೆ, ತ್ರಯೋದಶಿಗೆ ಇಟ್ಕೊಳ್ಳಿ ಅಂತ,” ಸತ್ಯಾತ್ಮರು ಮುಂದುವರಿಸಿದರು. “ಈ ದೆಹಲಿಯವರಿಗೆ ತಿಥಿ ಗೊತ್ತಾ, ನಕ್ಷತ್ರ ಗೊತ್ತಾ? ಸಪ್ತಮಿಗೆ ಬಂದು ಕೂತ್ರು. ನನ್ನ ರೀಡಿಂಗ್ ಅಷ್ಟೂ ತ್ರಯೋದಶಿ. ಉಪವಾಸ ಮುಗಿದಿರತ್ತೆ, ತಲೆ ಕ್ಲಿಯರ್ರಾಗಿರತ್ತೆ, ಮೆಷೀನ್ ಕೂಡ ಹೇಳಿದ ಮಾತು ಕೇಳತ್ತೆ.”

ವೇಲಚೇರಿಯ ಮನೆಗೆ ಹೋಗುವ ಬಸ್ಸಿನಲ್ಲಿ ವಿಭಾ ಆ ಮಾತನ್ನೇ ಯೋಚಿಸಿದಳು. ಇಳಿಯುವ ಹೊತ್ತಿಗೆ ಅವಳಿಗೆ ಎಲ್ಲವೂ ಗೊತ್ತಾಗಿತ್ತು.

ಕೋಶಗಳು ಬೆಳೆಯಲು ಸೀರಮ್ ಬೇಕು. ಅದನ್ನು ತೆಗೆಯುವುದು ಹುಟ್ಟದ ಕರುವಿನ ರಕ್ತದಿಂದ. ಉಳಿದ ದಿನಗಳಲ್ಲಿ ಸತ್ಯಾತ್ಮರಿಗೆ ಇದರಿಂದ ತೊಂದರೆ ಇರಲಿಲ್ಲ. ಏಕಾದಶಿಯ ದಿನ ಮಾತ್ರ ತಮ್ಮ ಲ್ಯಾಬಿನಲ್ಲಿ ಕರುವಿನ ರಕ್ತ ಇರಕೂಡದು ಎಂದು ನಿಯಮ ಮಾಡಿದ್ದರು. ದಶಮಿಯ ಸಂಜೆ ತಿರುಮಲ ತಟ್ಟೆಗಳನ್ನೆಲ್ಲ ತೊಳೆದು ಸೀರಮ್ ಇಲ್ಲದ ದ್ರವ ಹಾಕುತ್ತಿದ್ದ. ಬಾಟಲಿಗಳು ಕೆಳಮಹಡಿಯ ಲ್ಯಾಬಿಗೆ ಹೋಗುತ್ತಿದ್ದವು. ದ್ವಾದಶಿಯ ಬೆಳಿಗ್ಗೆ ಸತ್ಯಾತ್ಮರ ಪಾರಣೆಯಾದ ಮೇಲೆ ಕೋಶಗಳಿಗೂ ಸೀರಮಿನ ಪಾರಣೆ. ಲ್ಯಾಬಿಗೆ ಸೇರಿದ ವಾರವೇ ವಿಭಾ ಇದನ್ನು ಕೇಳಿ ನಕ್ಕಿದ್ದಳು. ನಕ್ಕು ಮರೆತಿದ್ದಳು.

ಸೀರಮ್ ಸಿಗದ ಕೋಶಗಳು ಒಡೆಯುವುದನ್ನು ನಿಲ್ಲಿಸಿ ಕಾಯುತ್ತವೆ. ಮತ್ತೆ ಸಿಕ್ಕಾಗ ಎಲ್ಲವೂ ಒಂದೇ ಗೆರೆಯಿಂದ ಓಟ ಶುರುಮಾಡಿ, ಸುಮಾರು ಒಂದು ದಿನದ ಬಳಿಕ ಗುಂಪಾಗಿ ಒಡೆಯುತ್ತವೆ. ಇದು ಪದವಿ ತರಗತಿಯ ಪಾಠ. ದ್ವಾದಶಿಗೆ ಉಣಿಸಿದರೆ ಒಡೆಯುವುದು ತ್ರಯೋದಶಿಗೆ. ಆ ದಿನ ಯಂತ್ರ ಯಾವಾಗಲೂ ಸತ್ಯಾತ್ಮರದು. ವಿಭಾಳ ಹೋಲಿಕೆಯ ತಟ್ಟೆಗಳ ಸರದಿ ಬರುತ್ತಿದ್ದುದು ಉಳಿದ ದಿನಗಳಲ್ಲಿ, ಹೊಟ್ಟೆ ತುಂಬಿದ ಕೋಶಗಳ ಮೇಲೆ. ಹಸಿದವರನ್ನು ಉಂಡವರೊಂದಿಗೆ ಹೋಲಿಸಿ ಸೂಜಿಗೆ ಶಾಲು ಹೊದಿಸಲಾಗಿತ್ತು.

ಮುಂದಿನ ಮಂಗಳವಾರ ಏಕಾದಶಿ. ದಶಮಿಯ ಸಂಜೆ ವಿಭಾ ಒಂದು ತಟ್ಟೆಯನ್ನು ತಿರುಮಲನ ನಿಯಮಕ್ಕೆ ಬಿಟ್ಟಳು. ಇನ್ನೊಂದನ್ನು ತೊಳೆಯಲು ಕೊಡದೆ, ಸೀರಮ್ ಸಮೇತ ಕೆಳಮಹಡಿಯ ಲ್ಯಾಬಿನಲ್ಲಿಟ್ಟಳು. ಗುರುವಾರ ತ್ರಯೋದಶಿ. ಸತ್ಯಾತ್ಮರು ಬರುವ ಹೊತ್ತಿಗೆ ಎರಡೂ ತಟ್ಟೆಗಳ ಚಿತ್ರ ಪರದೆಯ ಮೇಲಿತ್ತು. ಸೀರಮಿನಲ್ಲೇ ಇದ್ದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಗುಂಡಗಾಗಿತ್ತು. ಉಪವಾಸವಿದ್ದ ತಟ್ಟೆಯಲ್ಲಿ ಎಲ್ಲಿ ನೋಡಿದರೂ ಸೊಂಟ ಬಿಗಿಯುತ್ತಿತ್ತು.

ಸತ್ಯಾತ್ಮರು ಕುರ್ಚಿ ಎಳೆದುಕೊಂಡರು. “ಆಹಾ! ನೋಡಮ್ಮಾ, ಇದು ರಿಸಲ್ಟ್. ಯಾರು ಮುಟ್ಟಿದ್ದು? ತಿರುಮಲನಾ?”

“ಯಾರೂ ಮುಟ್ಟಿಲ್ಲ ಸಾರ್. ಸೂಜಿ ಇನ್ನೂ ಡಬ್ಬೀಲೇ ಇದೆ.”

ಅವರು ಡಬ್ಬಿಯ ಕಡೆ ನೋಡಿದರು. ವಿಭಾ ದಶಮಿಯಿಂದ ತ್ರಯೋದಶಿಯವರೆಗಿನ ಲೆಕ್ಕವನ್ನು ಬಿಡಿಸಿ ಹೇಳಿದಳು. ತಿರುಮಲ ಕಿಟಕಿಯಾಚೆ ಹೋಗುತ್ತಿದ್ದ ಲೋಕಲ್ ರೈಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಸತ್ಯಾತ್ಮರ ಮುಖ ಮೊದಲು ಬಿಳಿಚಿತು, ಆಮೇಲೆ ಅರಳಿತು. “ಪಾತ್ತಿಯಾ ತಿರುಮಲ, ನೋಡಿದೆಯಾ! ಏಕಾದಶಿ ಉಪವಾಸದ ಮಹಿಮೆ! ಇಲಿಯ ಕೋಶಕ್ಕೂ ಫಲ ಕೊಡತ್ತೆ!”

“ಮಹಿಮೆ ಅಲ್ಲ ಸಾರ್, ಹಸಿವು. ಮಂಗಳವಾರ ಬಿಟ್ಟು ಭಾನುವಾರ ಉಪವಾಸ ಕೆಡವಿದ್ರೂ ಹೀಗೇ ಆಗತ್ತೆ. ಎಲ್ಲಾರ್ಗೂ ಒಟ್ಟಿಗೆ ಬಡಿಸಿದ್ರೆ ಒಟ್ಟಿಗೇ ಏಳ್ತಾರೆ. ಮಠದಲ್ಲಿ ಪಂಕ್ತಿ ನೋಡಿಲ್ವಾ?”

“ಮಠದ ವಿಷಯ ನೀನು ನನಗೆ ಹೇಳ್ಕೊಡ್ಬೇಡ.”

“ಹೇಳ್ಕೊಡಲ್ಲ ಸಾರ್. ಆ ಪೇಪರ್‌ನಿಂದ ನನ್ನ ಹೆಸರು ತೆಗೀರಿ. ನನ್ನ ರೀಡಿಂಗೂ ತೆಗೀರಿ.”

“ರೀಡಿಂಗ್ ಲ್ಯಾಬಿಂದು. ಹೆಸರು ಬೇಡ ಅಂದ್ರೆ ಗೈಡೂ ಬೇಡ ಅಂತಾನೇ ಅರ್ಥ. ಯೋಚನೆ ಮಾಡು. ಮೂರು ವರ್ಷ ವೇಸ್ಟ್ ಆಗತ್ತೆ.”

“ಸರಿ ಸಾರ್.”

“ಏನು ಸರಿ?”

“ಗೈಡೂ ಬೇಡ.”

ತಿರುಮಲ ಕಿಟಕಿಯಿಂದ ತಿರುಗಿದ. “ಸಾರ್, ಹಾಗಾದ್ರೆ ಎರಡನೇ ಹೆಸರು…” ಎಂದು ಅರ್ಧಕ್ಕೆ ನಿಲ್ಲಿಸಿದ. ಉಳಿದರ್ಧ ಯಾರಿಗೂ ಬೇಕಾಗಿರಲಿಲ್ಲ.

ವಿಭಾ ಆ ತಿಂಗಳೇ ಲ್ಯಾಬ್ ಬಿಟ್ಟು, ಊರಿನ ಇನ್ನೊಂದು ತುದಿಯ ಕಾಲೇಜಿನಲ್ಲಿ ಬೇರೆ ಮಾರ್ಗದರ್ಶಕರ ಬಳಿ ಮೊದಲಿನಿಂದ ಶುರುಮಾಡಿದಳು. ಅಲ್ಲಿ ಸಿಲಿಕಾನ್ ಸೂಜಿಯ ಯಂತ್ರ ಇರಲಿಲ್ಲ. ಪ್ರಬಂಧ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದರಲ್ಲಿ ವಿಭಾಳ ಅಳತೆಗಳೆಲ್ಲ ಇದ್ದವು, ಹೆಸರು ಇರಲಿಲ್ಲ. ಏಕಾದಶಿಯ ಪ್ರಸ್ತಾಪವೂ ಇರಲಿಲ್ಲ. ಮುಂದಿನ ಮಾರ್ಚಿನಲ್ಲಿ ತಿರುಮಲನ ಹುದ್ದೆ ಖಾಯಂ ಆಯಿತು.