ಸೊಸೆ ಸ್ಟಿಯರಿಂಗ್ ಹಿಡಿದ ದಿನ

ನಮ್ಮ ಪ್ರಯೋಗಾಲಯದಲ್ಲಿ ಅಪಘಾತ ಮಾಡಿಸುವುದೇ ಕೆಲಸ. ಹಳಿಯ ಮೇಲೊಂದು ಗಾಡಿ, ಅದರ ಮೇಲೆ ಬಸ್ಸಿನ ಸೀಟು, ಸೀಟಿನಲ್ಲೊಂದು ಬೊಂಬೆ. ಗಾಡಿಯನ್ನು ಜೋರಾಗಿ ಓಡಿಸಿ ಗಕ್ಕನೆ ನಿಲ್ಲಿಸುತ್ತೇವೆ. ಎದೆಗೆ, ಕುತ್ತಿಗೆಗೆ ಎಷ್ಟು ಪೆಟ್ಟು ಬಿತ್ತೆಂದು ಬೊಂಬೆಯೊಳಗಿನ ಉಪಕರಣ ಹೇಳುತ್ತದೆ. ಆಳೆತ್ತರದ ಗಂಡು ಬೊಂಬೆಗೆ ನಾವಿಟ್ಟ ಹೆಸರು ಅಳಿಯ. ಅವನನ್ನು ಎತ್ತಿ ಕೂರಿಸಬೇಕು, ಬಟ್ಟೆ ತೊಡಿಸಬೇಕು, ಎಲ್ಲವೂ ಅವನ ಅಳತೆಗೇ ಇರಬೇಕು, ಅವನು ಮಾತ್ರ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ. ಆಮೇಲೆ ಬಂದ ಗಿಡ್ಡ ಹೆಣ್ಣು ಬೊಂಬೆ ತಾನಾಗಿಯೇ ಸೊಸೆಯಾಯಿತು. ಅವಳನ್ನು ಯಾವಾಗಲೂ ಪ್ರಯಾಣಿಕರ ಸೀಟಿನಲ್ಲೇ ಕೂರಿಸುತ್ತಿದ್ದೆವು. ಸ್ಟಿಯರಿಂಗ್ ಅಳಿಯನ ಪಾಲಿಗೆ.

ಹೀಗಿರುವಾಗ ಹೊಸ ನಿಯಮವೊಂದರ ಕರಡು ಬಂತು: ಇಂತಿಷ್ಟು ಎತ್ತರವಿಲ್ಲದವರು ಬಸ್ಸು ಓಡಿಸುವಂತಿಲ್ಲ. ಗಿಡ್ಡಗಿರುವವರು ಸ್ಟಿಯರಿಂಗಿಗೆ ತೀರ ಹತ್ತಿರ ಕೂರುತ್ತಾರೆ, ಡಿಕ್ಕಿಯಾದರೆ ಎದೆಗೆ ಹೊಡೆಯುತ್ತದೆ, ಅವರ ಒಳ್ಳೆಯದಕ್ಕೇ ಈ ನಿಯಮವಂತೆ. ಅಂಥವರಲ್ಲಿ ಬಹುಪಾಲು ಹೆಂಗಸರೇ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಓದಿ ನನಗೆ ಮೈಯೆಲ್ಲ ಉರಿಯಿತು. ನನ್ನ ಅಕ್ಕ ನಗರದ ಬಸ್ಸು ಓಡಿಸುತ್ತಾಳೆ, ಮತ್ತು ಅವಳ ನೆತ್ತಿ ನನ್ನ ಭುಜಕ್ಕೆ ಬರುತ್ತದೆ.

ಅವತ್ತು ಸಂಜೆ ಮನೆಗೆ ಬಂದ ಅಕ್ಕ ಚೀಲ ಕೆಳಗಿಡುವ ಮೊದಲೇ ಶುರು ಹಚ್ಚಿಕೊಂಡಳು.

"ನನ್ನನ್ನ ಟಿಕೆಟ್ ಕೌಂಟರಿಗೆ ಹಾಕ್ತಾರಂತೆ ಕಣೇ. ಗಾಜಿನ ಹಿಂದೆ ಕೂತು ಆಕಳಿಸ್ಬೇಕಂತೆ. ನಾನು ಓಡ್ಸಿದ ಬಸ್ಸಲ್ಲಿ ಒಬ್ಬರಿಗಾದ್ರೂ ಮೂಗು ತರಚಿದ್ಯಾ?"

"ಇಲ್ಲ ಕಣಕ್ಕ. ಪರೀಕ್ಷೆ ಮಾಡೋದು ನಮ್ಮ ಲ್ಯಾಬೇ. ನಾನು ನೋಡ್ಕೋತೀನಿ ಬಿಡು."

"ನೋಡ್ಕೋತೀನಿ ಅಂದ್ರೆ? ಸುಳ್ಳುಗಿಳ್ಳು ಹೇಳ್ತೀಯಾ?"

"ಥೂ, ನನ್ನ ಏನಂದ್ಕೊಂಡಿದೀಯ? ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ."

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ," ಎಂದು ಗೊಣಗುತ್ತ ಅಕ್ಕ ಕೈಕಾಲು ತೊಳೆಯಲು ಹೋದಳು.

ಚಾಲಕಿಯರಲ್ಲಿ ಒಬ್ಬಳು ನನ್ನ ಒಡಹುಟ್ಟಿದವಳೆಂದು, ಆ ಕರಡು ಬರೆದ ಸಮಿತಿಗೆ ಮೊದಲೇ ತಿಳಿಸಿದ್ದೆ. "ಉಪಕರಣಕ್ಕೆ ಅಕ್ಕತಂಗಿ ಇಲ್ಲವಲ್ಲ, ನಡೆಸಿ," ಎಂದಿದ್ದರು ಅಧ್ಯಕ್ಷೆ. ಪರೀಕ್ಷೆಯ ದಿನ ಸಮಿತಿಯವರು ಗಾಜಿನಾಚೆ ಕೂತರು. ಅವರ ಹಿಂದೆ, ಚಾಲಕರ ಪರವಾಗಿ ಬಂದ ಅಕ್ಕ. ನಮ್ಮ ಮುಖ್ಯಸ್ಥರನ್ನು ನಾವು ಮೇಷ್ಟ್ರು ಎನ್ನುತ್ತೇವೆ. ಅವರೇ ನಿಂತು ಸೊಸೆಯನ್ನು ಮೊದಲ ಸಲ ಸ್ಟಿಯರಿಂಗ್ ಮುಂದೆ ಕೂರಿಸಿದರು. ಗಾಡಿ ಓಡಿತು, ನಿಂತಿತು. ಸೊಸೆ ಬೆಲ್ಟಿನಡಿಯಿಂದ ಸರ್ರನೆ ಜಾರಿ ಮುದ್ದೆಯಾದಳು. ಪೆಟ್ಟಿನ ಅಳತೆ ತೋರಿಸುವ ಪರದೆಯ ಮೇಲೆ ಎಲ್ಲ ಕೆಂಪು.

"ನಾವು ಹೇಳಿದ್ದೂ ಇದನ್ನೇ," ಎಂದರು ಸದಸ್ಯರೊಬ್ಬರು, ಫೈಲು ಮಡಚುತ್ತಾ.

ನಾನು ಸೊಸೆಯ ಕಾಲು ನೋಡಿದೆ. ಪೆಡಲಿಗೂ ಅವಳ ಬೂಟಿಗೂ ನಡುವೆ ಒಂದು ಗೇಣು ಸಂದು. ಅಯ್ಯೋ ನಮ್ಮ ಬುದ್ಧಿಯೇ! ಸೀಟನ್ನು ಅದು ಹಿಂದೆ ಮುಂದೆ ಸರಿಯುವ ಕಂಬಿಯ ನಟ್ಟನಡುವೆ ನಿಲ್ಲಿಸುವುದು ನಮ್ಮ ಪದ್ಧತಿ, ಯಾಕೆಂದರೆ ಅಳಿಯ ಕೂರುವುದು ಅಲ್ಲಿ. ಯಾರು ಕೂತರೂ ನಮ್ಮ ಕೈ ತಾನಾಗಿ ಅಲ್ಲೇ ನಿಲ್ಲಿಸುತ್ತದೆ.

"ಮೇಷ್ಟ್ರೇ, ಕಾಲು ಆಡಿಸ್ಕೊಂಡು ಕೂತರೆ ಬ್ರೇಕ್ ಒತ್ತೋರು ಯಾರು? ಸೊಸೆನ ಅಳಿಯನ ಜಾಗದಲ್ಲಿ ಕೂರಿಸಿಬಿಟ್ಟಿದೀವಿ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹೌದಲ್ಲಮ್ಮಾ! ಸೀಟು ಮುಂದಕ್ಕೆ ತಳ್ಳು."

ಕಾಲು ಪೆಡಲಿಗೆ ಸಿಗುವಷ್ಟು ಮುಂದಕ್ಕೆ ತಳ್ಳಿ ಮತ್ತೆ ಓಡಿಸಿದೆವು. ಈ ಸಲ ಅವಳು ಜಾರಲಿಲ್ಲ. ಆದರೆ ಬೆಲ್ಟು ಭುಜ ಬಿಟ್ಟು ಕುತ್ತಿಗೆಗೆ ಸಿಕ್ಕಿಕೊಂಡಿತು, ಎದೆ ಹೋಗಿ ಸ್ಟಿಯರಿಂಗಿಗೆ ಬಡಿಯಿತು. ಪರದೆ ಮೊದಲಿಗಿಂತ ಕೆಂಪು. ಗಾಜಿನಾಚೆ ಅಕ್ಕ ತಲೆ ತಗ್ಗಿಸಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಆ ಸದಸ್ಯರು ಎದ್ದೇಬಿಟ್ಟರು.

"ಕೂತ್ಕೊಳ್ಳಿ ಸಾರ್," ಎಂದೆ. "ನೆಲ ಡೊಂಕಿದ್ಯೋ ಇಲ್ವೋ ಅಳೆಯೋದಕ್ಕೇ ನಮಗೆ ಸಂಬಳ ಕೊಡೋದು."

ಅಧ್ಯಕ್ಷೆ ನಕ್ಕರು. ಸದಸ್ಯರು ಕೂತರು. ಬೆಲ್ಟನ್ನು ಮೇಲೆ ಕಂಬಕ್ಕೆ ಬಿಗಿದಿರುವ ಕೊಂಡಿಯನ್ನು ಸೊಸೆಯ ಭುಜದ ಮಟ್ಟಕ್ಕೆ ಇಳಿಸಿದೆ. ಸ್ಟಿಯರಿಂಗನ್ನು ಅವಳ ಎದೆಯಿಂದ ಆಚೆಗೆ ಓರೆ ಮಾಡಿದೆ. ಬೊಂಬೆಯನ್ನು ಕೂದಲೆಳೆಯಷ್ಟೂ ಕದಲಿಸಲಿಲ್ಲ. ಗಾಡಿ ಓಡಿತು, ನಿಂತಿತು. ಬೆಲ್ಟು ಭುಜದ ಮೇಲೆ ಬಿಗಿಯಾಗಿ ಕೂತು ಅವಳನ್ನು ಹಿಡಿದುಕೊಂಡಿತು. ಪರದೆ ಪೂರ್ತಿ ಹಸಿರು. ಆಮೇಲೆ ಎಲ್ಲವನ್ನೂ ಅವನ ಅಳತೆಗೆ ಸರಿಸಿ ಅಳಿಯನನ್ನೂ ಕೂರಿಸಿ ನೋಡಿದೆವು. ಅವನಿಗೂ ಹಸಿರೇ.

ಅಕ್ಕ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. ಅಷ್ಟರಲ್ಲಿ ಅಧ್ಯಕ್ಷೆ ಕೇಳಿದರು:

"ಈಗ ರಸ್ತೆ ಮೇಲಿರೋ ಬಸ್ಸುಗಳು ಇದರಲ್ಲಿ ಯಾವ ಥರದವಮ್ಮಾ?"

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. "ಎರಡನೇ ಓಟದ ಥರದವು ಮೇಡಂ. ಬೆಲ್ಟು, ಸ್ಟಿಯರಿಂಗ್ ಎರಡೂ ಅಲುಗಾಡಲ್ಲ."

"ಅಂದ್ರೆ ನಿಮ್ಮಕ್ಕ ನಾಳೆ ಬೆಳಿಗ್ಗೆ ತಮ್ಮ ಬಸ್ಸು ಹತ್ತಬಹುದೋ, ಬಾರದೋ?"

ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ನಾನು ಅವಳ ಮುಖ ನೋಡಿಯೇ ಹೇಳಿದೆ.

"ಬಾರದು. ಬೆಲ್ಟು ಇಳಿಸಿ, ಸ್ಟಿಯರಿಂಗ್ ಬದಲಾಯಿಸೋವರೆಗೂ ಬಾರದು. ಆದ್ರೆ ಮೇಡಂ, ಪರೀಕ್ಷೆಯಲ್ಲಿ ಫೇಲಾಗಿದ್ದು ಬಸ್ಸು. ನಿಯಮ ಬರೆಯೋದಾದ್ರೆ ಅದರ ಮೇಲೆ ಬರೀರಿ."

ಅಧ್ಯಕ್ಷೆ ಕರಡಿನಲ್ಲಿ 'ಚಾಲಕರ ಎತ್ತರ' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ 'ಚಾಲಕರ ಆಸನ' ಎಂದು ಬರೆದರು. ಆ ಸದಸ್ಯರೂ ಕನ್ನಡಕ ಒರೆಸಿಕೊಂಡು ಸಹಿ ಹಾಕಿದರು.

ಹೊರಗೆ ಬಂದರೆ ಅಕ್ಕ ಮೊಗಸಾಲೆಯಲ್ಲಿ ನಿಂತಿದ್ದಳು, ಮುಖ ಊದಿಸಿಕೊಂಡು.

"ಅಷ್ಟು ಜನರ ಮುಂದೆ ಸ್ವಂತ ಅಕ್ಕನ್ನ ಬಸ್ಸಿಂದ ಇಳಿಸಿಬಿಟ್ಟೆಯಲ್ಲೇ."

"ಹೂಂ, ಇಳಿಸ್ದೆ. ಸಾಯೋಕೆ ಬಿಡ್ಲಾ?" ನನಗೆ ಕೋಪವೂ ಬಂತು, ಅಳುವೂ ಬಂತು. "ಆ ಎರಡನೇ ಓಟ ನೋಡಿದ್ಯಲ್ಲ. ದಿನಾ ನೀನು ಕೂತ್ಕೊಳ್ಳೋದು ಅಲ್ಲೇ ಕಣಕ್ಕ."

ಅಕ್ಕ ಮೆಲ್ಲಗೆ ಅಂಗಿಯ ಕಾಲರು ಸರಿಸಿದಳು. ಕುತ್ತಿಗೆಯ ಪಕ್ಕದಲ್ಲಿ ಬೆಲ್ಟು ಉಜ್ಜಿ ಉಜ್ಜಿ ಚರ್ಮ ಕಪ್ಪಗಾಗಿತ್ತು.

"ಉಜ್ಜುತ್ತೆ ಅಂತ ಡಿಪೋದಲ್ಲಿ ಎಷ್ಟು ಸಲ ಹೇಳ್ದೆ. ದಿಂಬು ಹಾಕ್ಕೊಂಡು ಕೂತ್ಕೊಳ್ಳಮ್ಮಾ ಅಂತ ನಗ್ತಿದ್ರು."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಇನ್ನೊಂದು ಕೈಯಲ್ಲಿ ಫೋನು ತೆಗೆದು ಡಿಪೋ ಮ್ಯಾನೇಜರಿಗೆ ಕರೆ ಮಾಡಿದಳು.

"ಸಾರ್, ನಾಳೆ ನನ್ನ ಬಸ್ಸು ಹೊರಗೆ ಹೋಗಲ್ಲ. ನನ್ನ ಥರ ಇರೋ ಇನ್ನೂ ನಾಲ್ಕೈದು ಜನ ಹೆಣ್ಣುಮಕ್ಕಳಿದಾರಲ್ಲ, ಅವರದ್ದೂ ಹೋಗಲ್ಲ... ಅಯ್ಯೋ ಇಲ್ಲ ಸಾರ್, ನಾವೆಲ್ಲ ಗುಂಡುಕಲ್ಲಿನ ಹಾಗೆ ಇದೀವಿ. ಹುಷಾರಿಲ್ಲದೆ ಇರೋದು ಬಸ್ಸಿಗೆ."